ಪಟ್ಟದ ಗೊಂಬೆಯ ಹೊದಿಕೆ

ಅಮ್ಮ ಹೋದ ಮೇಲೆ ಅವರ ಪಟ್ಟದ ಗೊಂಬೆಗಳು ಅಮೆರಿಕದ ರೆಡ್ಮಂಡಿನ ನಮ್ಮ ಮನೆಗೆ ಬಂದವು. ೨೦೧೪ರ ದಸರೆಗೆ ಅವನ್ನು ಕೂರಿಸಲೆಂದೇ, ಅದೇ ಊರಿನ ಎಜುಕೇಶನ್ ಹಿಲ್ ಬಡಾವಣೆಯಲ್ಲಿ ತೀರಿಕೊಂಡ ಫ್ರೆಂಚ್ ಅಜ್ಜಿಯೊಬ್ಬರ ಊಟದ ಕೋಣೆಯ ಸೊಂಟದೆತ್ತರದ ಬೀರು ಕೊಂಡೆವು. ಆಕ್ರೋಟ್ ಮರದ್ದು, ಮೈತುಂಬ ಹೂಬಳ್ಳಿಯ ಕೆತ್ತನೆ. ಖಾಲಿ ಖಾನೆ ಎಳೆದರೆ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬರುತ್ತಿತ್ತು.

ವಿಜಯದಶಮಿಯ ರಾತ್ರಿ ಪದ್ಧತಿಯಂತೆ ರಾಜರಾಣಿಯರನ್ನು ಅದರ ಮೇಲೆಯೇ ಮಲಗಿಸಿದೆ. ಅಮ್ಮ ಆಗ ತಮ್ಮ ಹಳೇ ಸೀರೆಯ ತುಂಡು ಹೊದಿಸುತ್ತಿದ್ದರು, ನಾನು ಮರೆತೆ.

ಬೆಳಿಗ್ಗೆ ನೋಡಿದರೆ ಗೊಂಬೆಗಳ ಕತ್ತಿನವರೆಗೂ ಬಿಳಿ ಲೇಸಿನ ಬಟ್ಟೆಯೊಂದು ಹೊದಿಸಿತ್ತು.

“ಇದೆಲ್ಲಿ ಸಿಕ್ತು ವಸುಧಾ?” ಎಂದು ಹೆಂಡತಿಯನ್ನು ಕೇಳಿದೆ.

“ನೀವೇ ತಂದ್ರಿ ಅಂದ್ಕೊಂಡೆ. ಅತ್ತೆ ಮಾಡ್ತಿದ್ದ ಥರಾನೇ ಅಂಚು ಒಳಕ್ಕೆ ಮಡಚಿದೀರಲ್ಲ.”

ಬಟ್ಟೆ ಮುಟ್ಟಿದೆ. ಬೆಚ್ಚಗಿತ್ತು. ನಮ್ಮ ಮನೆಯಲ್ಲಿ ಆಗ ಇಸ್ತ್ರಿ ಪೆಟ್ಟಿಗೆಯೇ ಇರಲಿಲ್ಲ.