ಎದಿ ತೆರೀರಿ, ಡಾಕ್ಟ್ರೇ!

"ನಿಮ್ಮ ಪೇಶಂಟ್ ತೀರಿಹೋದ್ರು, ಡಾಕ್ಟರ್ ಶೈಲಶ್ರೀ."

ತರಬೇತಿ ಕೋಣೆಯಲ್ಲಿದ್ದವರೆಲ್ಲ ಪರದೆಯತ್ತ ನೋಡುತ್ತಿದ್ದರು. ಪರದೆಯ ತುಂಬ ಕೆಂಪು. ಅದು ನಿಜವಾದ ರಕ್ತವಲ್ಲ, ಮೇಜಿನ ಮೇಲಿದ್ದದ್ದು ರಬ್ಬರಿನ ಎದೆಯ ಬೊಂಬೆ... ಆದರೂ ಶೈಲಶ್ರೀ ಉಪಕರಣ ಕೆಳಗಿಟ್ಟು ಹಿಂದೆ ಸರಿದಳು.

ಪಕ್ಕೆಲುಬುಗಳ ನಡುವೆ ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ, ಶ್ವಾಸಕೋಶದ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿಯಲು ಅವಳು ಪುಣೆಯ ಈ ಆಸ್ಪತ್ರೆ ಸೇರಿದ್ದಳು. ಕಲಿಸುವವನು ಚನ್ನವೀರ. ತನ್ನಂತೆಯೇ ಕಲಬುರಗಿ ಕಡೆಯವನು ಎಂದು ಖುಷಿಪಟ್ಟಿದ್ದಳು. ಮೊದಲ ದಿನವೇ ಈ ಮಾತು!

"ರಕ್ತನಾಳ ಹರದ ಕೂಡಲೇ ಒತ್ತಿ ಹಿಡದು ಎದಿ ತೆರೀಬೇಕಿತ್ತು. ಯಾಕ ತೆರೀಲಿಲ್ರಿ?"

"ಸಣ್ಣ ತೂತಿನಾಗೇ ಮುಗಸಬಹುದು ಅನ್ಕೊಂಡೆ ಸರ್..."

"ಹಟ ನಿಮ್ಮದು. ಜೀವ ಅವರದು."

ಅವಳ ಕಣ್ಣು ತುಂಬಿತು. ಆದರೆ ಎಲ್ಲರೂ ಹೋದ ಮೇಲೆ ಅವನೇ ಬಂದು ಪಕ್ಕದಲ್ಲಿ ನಿಂತ. ಬೊಂಬೆಯ ರಕ್ತನಾಳವನ್ನು ಮತ್ತೆ ಮತ್ತೆ ಹರಿಯುವಂತೆ ಮಾಡಿ, ಒಂದಿಷ್ಟೂ ಬೇಸರಿಸದೆ ಹೇಳಿಕೊಟ್ಟ. ದಿನ ಕಳೆದಂತೆ ಅವನ ಹೆಜ್ಜೆಯ ಸದ್ದಿಗಾಗಿ ಅವಳು ಕಾಯತೊಡಗಿದಳು.

ಪರೀಕ್ಷೆ ಹತ್ತಿರ ಬಂತು. ನರ್ಸ್ ಆರತಿ ಮೆಲ್ಲಗೆ ಹೇಳಿದಳು: "ಚನ್ನವೀರ ಸರ್ ನಿಮ್ಮ ಪರೀಕ್ಷಾ ತಗೊಳ್ಳಂಗಿಲ್ಲಂತ್ರಿ. ಬ್ಯಾರೇದವರಿಗೆ ಕೊಡ್ರಿ ಅಂತ ತಾವೇ ಹೇಳ್ಯಾರ."

'ಅಷ್ಟೂ ನಂಬಿಕೆಯಿಲ್ಲವೇ ನನ್ನ ಮೇಲೆ?'

ಆ ರಾತ್ರಿ ಪುಣೆಯ ನಿಗಡಿ ಬಡಾವಣೆಯ ಮನೆಯಲ್ಲಿ ಅವ್ವ ಬಡಿಸಿದ ಜೋಳದ ರೊಟ್ಟಿ ಹಾಗೇ ಉಳಿಯಿತು. ಅವಳು ಪರೀಕ್ಷೆಯಲ್ಲಿ ತೇರ್ಗಡೆಯಾದಳು, ಅದೇ ಆಸ್ಪತ್ರೆಯಲ್ಲಿ ಸರ್ಜನ್ ಆದಳು. ಅವನೊಂದಿಗೆ ಮಾತ್ರ ಮಾತು ಬಿಟ್ಟಳು.

ಮುಂದೊಂದು ದಿನ ಗಂಗೂಬಾಯಿ ಎಂಬ ವೃದ್ಧೆಗೆ ಸಣ್ಣ ತೂತಿನಲ್ಲೇ ಶ್ವಾಸಕೋಶದ ಶಸ್ತ್ರಚಿಕಿತ್ಸೆ. ಚನ್ನವೀರನಿಗೆ ನೆರವಾಗಲು ಶೈಲಶ್ರೀ ನಿಂತಿದ್ದಳು. ಗಡ್ಡೆ ಬಿಡಿಸುವಾಗ ರಕ್ತನಾಳ ಹರಿಯಿತು. ಈ ಸಲ ನಿಜವಾದ ರಕ್ತ!

"ತಡೀರಿ, ಕ್ಲಿಪ್ ಹಾಕ್ತೀನಿ..." ಅವನ ಹಣೆ ಬೆವರಿತ್ತು. ನಾಳ ಬಿಗಿಯುವ ಕ್ಲಿಪ್ ಒಮ್ಮೆ ಜಾರಿತು. ಮತ್ತೆ ಕೈಯೊಡ್ಡಿದ.

ಅವಳು ಗಾಜ್ ಬಟ್ಟೆಯ ಉಂಡೆ ಇಳಿಸಿ ಬಲವಾಗಿ ಒತ್ತಿದಳು. "ಹಿಡಿದೀನ್ರಿ. ಎದಿ ತೆರೀರಿ, ಡಾಕ್ಟ್ರೇ!"

ಅವನು ಅವಳತ್ತ ನೋಡಿದ. ಕ್ಲಿಪ್ ಕೆಳಗಿಟ್ಟು ಚಾಕು ಕೇಳಿದ.

ಗಂಗೂಬಾಯಿ ಬದುಕಿದಳು.

ಹೊರಗೆ ಬಂದು ಚನ್ನವೀರ ಗೋಡೆಗೊರಗಿದ. "ನೀವು ಹೇಳದಿದ್ರ ಆ ಅಜ್ಜಿನ್ನ ಕಳಕೊತಿದ್ದೆ."

"ನನ್ನ ಮ್ಯಾಲ ನಂಬಿಕಿ ಇಲ್ಲಂತ ಪರೀಕ್ಷಾ ಬ್ಯಾರೇದವರಿಗೆ ಬಿಟ್ಟವರು ನೀವು..." ಅವಳ ದನಿ ಒಡೆಯಿತು.

"ನಂಬಿಕಿ ಇರಲಿಲ್ಲ ಖರೆ. ನಿಮ್ಮ ಮ್ಯಾಲ ಅಲ್ಲ, ನನ್ನ ಮ್ಯಾಲ." ಅವನು ತಲೆ ತಗ್ಗಿಸಿದ. "ಮನಸ್ಸು ಕೊಟ್ಟ ಹುಡುಗಿಗೆ ನ್ಯಾಯವಾಗಿ ಮಾರ್ಕ್ಸ್ ಹೆಂಗ ಕೊಡ್ಲಿ? ನಾ ಸುಮ್ನ ಪಾಸ್ ಮಾಡಿದ್ರ, ನಾಳೆ ಯಾರದರ ಜೀವ ಹೋಗ್ತಿತ್ತು."

ಇಷ್ಟು ದಿನದ ಸಿಟ್ಟೆಲ್ಲ ಅವಳ ಕಣ್ಣಲ್ಲಿ ಕರಗಿ ಇಳಿಯಿತು.

"ಪರೀಕ್ಷಾ ಮುಗದ ಮ್ಯಾಲಾದ್ರೂ ಹೇಳಬಾರದಿತ್ತೇನು?"

"ನೀವು ನನ್ನ ಮಾರಿನೂ ನೋಡಲಿಲ್ಲ."

"ಈಗ ನೋಡ್ಲಿಕತ್ತೀನಿ... ಹೇಳ್ರಿ."

"ನನ್ನ ಮದವಿ ಆಗ್ತೀರೇನ್ರಿ?"

"ಮೊದ್ಲು ಆ 'ರೀ' ಬಿಡ್ರಿ."

ಅವನು ತಡವರಿಸಿದ. "ಆಗ್ತೀಯೇನು... ಶೈಲಾ?"

"ಹೂಂ..."