ನಡುವೆ ಒಂದು ಇಲಿಯೂ ಇಲ್ಲ

"ಈ ಕಂಬ ಸುಳ್ಳು ಹೇಳ್ತಿದೆ."

ಮೂರು ತಿಂಗಳು ಎದುರು ಮೇಜಿನಲ್ಲಿ ಕೂತ ಸಂಖ್ಯಾಶಾಸ್ತ್ರಜ್ಞ ಅವಳೊಡನೆ ಆಡಿದ ಮೊದಲ ಪೂರ್ತಿ ವಾಕ್ಯ ಅದು! ಅದೂ ಪ್ರಯೋಗಾಲಯದ ಸಭೆಯಲ್ಲಿ, ಎಲ್ಲರೆದುರು, ಅವಳ ಗ್ರಾಫಿಗೆ ಬೆರಳು ತೋರಿಸಿ.

ಔಷಧಿ ಕೊಡದ ಇಲಿಗಳ ಕ್ಯಾನ್ಸರ್ ಗೆಡ್ಡೆ ಸರಾಸರಿ ಎಂಟು ಮಿಲಿಮೀಟರ್. ಕೊಟ್ಟ ಹನ್ನೆರಡರದ್ದು ಐದು. ಎರಡು ವರ್ಷದ ದುಡಿಮೆ ಎರಡು ಕಂಬಗಳಾಗಿ ನಿಂತಿತ್ತು. ಸಂಜೆಯೊಳಗೆ ಪ್ರಬಂಧ ಹೋಗದಿದ್ದರೆ ಪಿಎಚ್.ಡಿ. ನೀರುಪಾಲು.

"ಲೆಕ್ಕ ತಪ್ಪಿದೆಯಾ?"

"ಲೆಕ್ಕ ಸರಿ. ಚಿತ್ರ ತಪ್ಪು. ಒಂದೊಂದು ಇಲಿಗೂ ಒಂದೊಂದು ಚುಕ್ಕಿ ಇಡಿ."

"ಇಲಿಗಳಿಗೆ ಬೊಟ್ಟು ಬೇರೆ ಇಡಬೇಕಾ?"

ಎಲ್ಲರೂ ನಕ್ಕರು. ಸಂಖ್ಯಾಶಾಸ್ತ್ರಜ್ಞ ನಗಲಿಲ್ಲ.

ಮಧ್ಯಾಹ್ನ ಚುಕ್ಕಿ ಇಟ್ಟಳು. ಆರು ಚುಕ್ಕಿ ಎರಡರ ಸುತ್ತ, ಆರು ಎಂಟರ ಸುತ್ತ. ಐದರ ಹತ್ತಿರ ಒಂದು ಇಲಿಯೂ ಇಲ್ಲ! ಅರ್ಧಕ್ಕರ್ಧ ಇಲಿಗಳಿಗೆ ಔಷಧಿ ನಾಟಿಯೇ ಇರಲಿಲ್ಲ...

ತಲೆಯೆತ್ತಿದರೆ, ಗಾಜಿನಾಚೆ ಗೈಡ್ ಮೇಡಂ ಕೋಣೆಯಲ್ಲಿ ಅವನು. ಕೈಯಲ್ಲಿ ಅವಳ ಅಂಕಿಗಳ ಹಾಳೆ.

'ಚಾಡಿ ಹೇಳ್ತಿದಾನೆ. ಮುಗೀತು ನನ್ನ ಕಥೆ.'

ಅವನು ಹೊರಬಂದಾಗ ಅಡ್ಡ ನಿಂತಳು. "ನನ್ನ ಹೊಟ್ಟೆ ಮೇಲೆ ಹೊಡೆದು ನಿಮಗೇನು ಸಿಕ್ತು?"

"ಒಂದು ತಿಂಗಳ ಕಾಲಾವಕಾಶ. ನನಗಲ್ಲ, ನಿಮಗೆ. ಮೇಡಂ ಒಪ್ಪಿದ್ರು." ಹಾಳೆ ಚಾಚಿದ. "ಇಲಿಗಳ ಪಟ್ಟಿ ನೋಡಿ."

ಅವಳದೇ ಅಕ್ಷರ. ಗೆಡ್ಡೆ ಕರಗಿದ ಆರೂ ಹೆಣ್ಣು. ಕರಗದ ಆರೂ ಗಂಡು. ಬರೆದವಳೂ ಅವಳೇ, ಒಟ್ಟಿಗೆ ಕಲಸಿ ಸರಾಸರಿ ತೆಗೆದವಳೂ ಅವಳೇ!

"ಹೆಣ್ಣಿಗೆ ಮಾತ್ರ ನಾಟೋ ಔಷಧಿ ಇರಬಹುದು. ಗಟ್ಟಿಯಾಗಿ ಹೇಳೋಕೆ ಇನ್ನಷ್ಟು ಇಲಿ ಬೇಕು."

"ನನಗೇ ಮೊದಲು ಹೇಳಬಾರದಿತ್ತಾ?"

"ನಿಮ್ಮ ಮುಂದೆ ನಿಂತ್ರೆ ನಾಲಿಗೆ ಹೊರಳಲ್ಲ..."

ಅವಳಿಗೆ ರೇಗಿತು. "ಒಂದು ದಿನ ಕೇಳದೇ ಕಾಫಿ ತಂದಿಡ್ತೀರಿ. ಇನ್ನೊಂದು ದಿನ ಮುಖಾನೂ ನೋಡಲ್ಲ. ಸರಾಸರಿ ನಾನೇನಂತ ತಿಳ್ಕೊಳ್ಳಲಿ?"

"ಸರಾಸರಿ ತೆಗೀಬೇಡಿ." ಅವನ ಕಿವಿ ಕೆಂಪಾಗಿತ್ತು. "ಕಾಫಿ ತಂದ ದಿನ ಧೈರ್ಯ ಇತ್ತು. ಮಿಕ್ಕ ದಿನ ಇರಲಿಲ್ಲ. ಇಷ್ಟ... ಎಲ್ಲಾ ದಿನಾನೂ ಇತ್ತು."

ಅವಳು ಹಾಳೆ ಮಡಿಸಿದಳು. "ಇವತ್ತು ಧೈರ್ಯ ಇದೆಯಾ?"

"ಕಾಲು ನಡುಗ್ತಿದೆ."

"ನನಗೂ ಅಷ್ಟೇ. ಇವತ್ತು ಕಾಫಿ ನಾನು ತರ್ತೀನಿ. ಕೂತ್ಕೋ."

"ಕೂತ್ಕೋ... ಅಂದ್ರಾ?"

"ಹೂಂ. ಕೂತ್ಕೋ."