ಗೊಬ್ಬರದ ಕೋಣೆಯ ಕಿಂಡಿಗಳು

ನಾರುವ ಬಕೆಟ್ಟನ್ನು ಅವಳು, ಕಟ್ಟಡದ ದುರಸ್ತಿ ನೋಡಿಕೊಳ್ಳುತ್ತಿದ್ದ ಆರ್ಕಿಟೆಕ್ಟ್‌ನ ಮೇಜಿನ ಮೇಲೆ, ಹಾಸಿದ್ದ ನಕ್ಷೆಯ ಮೇಲೆಯೇ ಕುಕ್ಕಿದಳು.

"ಗೊಬ್ಬರದ ಕೋಣೆಯ ಕಿಂಡಿಗಳಿಗೆ ಸಿಮೆಂಟ್ ಮೆತ್ತಿಸಿದ್ದು ನೀವೇ ತಾನೆ?"

ಅವನು ಮೂಗು ಮುಚ್ಚಿಕೊಳ್ಳಲಿಲ್ಲ. ಸಿಟ್ಟಿನಲ್ಲೂ ಅವಳು ಅದನ್ನು ಗಮನಿಸಿದಳು.

"ಹೌದು. ವಾಸನೆ ಅಂತ ಮೊದಲ ಮಹಡಿಯವರು ದಿನಾ ದೂರು..."

"ಒಣ ಎಲೆ ಬೆರೆಸಿದ್ರೆ ಹೋಗೋ ವಾಸನೆ ಅದು. ಈಗ ಗಾಳಿಯಿಲ್ಲದೆ ಎಲ್ಲಾ ಕೊಳೆತುಹೋಗಿದೆ. ನನ್ನನ್ನೊಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ಬಕೆಟ್ಟಿನೊಳಗೆ ಬಗ್ಗಿ ನೋಡಿದ.

ಕಟ್ಟಡದ ಅಷ್ಟೂ ಅಡುಗೆಮನೆಗಳ ಸಿಪ್ಪೆ ಆ ಕೋಣೆಯಲ್ಲಿ ಗೊಬ್ಬರವಾಗಿ ತಾರಸಿಯ ತೋಟ ಸೇರುತ್ತಿತ್ತು. ಮನೆಮನೆಯ ಬಾಗಿಲು ತಟ್ಟಿ, ಬೈಸಿಕೊಂಡು, ಅವಳು ಒಬ್ಬಳೇ ಕಟ್ಟಿ ನಿಲ್ಲಿಸಿದ ಕೆಲಸ. ಅದು ಉಳಿಯುವುದೋ ಇಲ್ಲವೋ, ಅಂದು ಸಂಜೆ ನಿವಾಸಿಗಳ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು.

ಸಭೆಯಲ್ಲಿ ಅವನೆದ್ದು ಆಡಿದ ಮೊದಲ ಮಾತೇ, "ಆ ಕೋಣೆ ಮುಚ್ಚಲೇಬೇಕು."

ಅವಳು ಮುಂದಿನದನ್ನು ಕೇಳಲು ಕೂರಲಿಲ್ಲ. ಕುರ್ಚಿ ತಳ್ಳಿ ಹೊರಟೇಬಿಟ್ಟಳು.

ಮಾಡೋದೆಲ್ಲಾ ಮಾಡಿ ನನ್ನ ಹೊಟ್ಟೆಯ ಮೇಲೆ ಹೊಡೆದನಲ್ಲ... ಇಂಥವನನ್ನು ಒಂದು ಗಳಿಗೆ ಮೆಚ್ಚಿಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಮರುದಿನ ಸಲಿಕೆ, ಜರಡಿ ಒಯ್ಯಲು ಬಂದವಳು ಕಾರು ನಿಲ್ಲಿಸುವ ಜಾಗದಲ್ಲಿ ನಿಂತುಬಿಟ್ಟಳು. ಅವನು ಬೆವರು ಸುರಿಸುತ್ತ ಇಟ್ಟಿಗೆ ಜೋಡಿಸುತ್ತಿದ್ದ. ಗೋಡೆ ಮೊಣಕಾಲೆತ್ತರ ಎದ್ದಿತ್ತು.

"ಏನಿದು?"

"ನಿನ್ನೆ ಪೂರ್ತಿ ಕೇಳಿದ್ರೆ ಗೊತ್ತಾಗ್ತಿತ್ತು. ತಪ್ಪು ನನ್ನದು, ಅದನ್ನ ಮುಚ್ಚಿ ಗಾಳಿ ಆಡೋ ಕಡೆ ಹೊಸದು ಕಟ್ಟೋಣ ಅಂದೆ. ಯಾರೂ ಜಾಗ ಬಿಡಲಿಲ್ಲ. ನನ್ನ ಕಾರಿನ ಜಾಗ ಕೊಟ್ಟೆ."

ಅವಳು ತಲೆಯೆತ್ತಿ ನೋಡಿದಳು. "ಮೇಲಿರೋದು ಯಾರ ಕಿಟಕಿ?"

"ನಮ್ಮದೇ. ದೂರು ಕೊಡ್ತಿದ್ದಿದ್ದು ನಮ್ಮಮ್ಮ."

ನಗು ಉಕ್ಕಿ ಬಂತು. ಆದರೆ ಸಿಟ್ಟು ಇಳಿದಿರಲಿಲ್ಲ.

"ಮತ್ತೆ ನನ್ನನ್ನ ಕೇಳದೇ ಕಟ್ಟಿದ್ದೀರಿ. ಕೆಳಸಾಲಲ್ಲಿ ಒಂದೂ ಕಿಂಡಿಯಿಲ್ಲ. ಬಿಚ್ಚಿ."

ಅವನು ಇಟ್ಟಿಗೆ ಕೀಳತೊಡಗಿದ. ಅರ್ಧಕ್ಕೆ ನಿಲ್ಲಿಸಿ, ಕೈಯ ಗಾರೆ ಒರೆಸಿಕೊಂಡ.

"ನೀವು ನಮ್ಮ ಬಾಗಿಲಿಗೆ ಬಂದಾಗಲೆಲ್ಲ ಸಿಪ್ಪೆ ತಂದು ಕೊಡ್ತಿದ್ದವನು ನಾನೇ. ನೀವು ಬಕೆಟ್ ನೋಡ್ತಿದ್ರಿ, ನನ್ನನ್ನ ನೋಡಲಿಲ್ಲ."

ನೀಲಿ ಬಕೆಟ್! ಸಿಪ್ಪೆಯ ನಡುವೆ ಪ್ಲಾಸ್ಟಿಕ್ಕಿನ ಒಂದು ಚೂರೂ ಇರದಿದ್ದ ಬಕೆಟ್ ಇಡೀ ಕಟ್ಟಡದಲ್ಲಿ ಅದೊಂದೇ. ಅವಳ ಕಣ್ಣು ತುಂಬಿ ಬಂತು.

"ಇನ್ಮೇಲೆ ಎಲ್ಲಾ ಕೇಳಿಯೇ ಮಾಡ್ತೀನಿ," ಎಂದ ಅವನು. "ಮೊದಲು ಇದು... ನನ್ನ ಜೊತೆ ಬಾಳ್ತೀರಾ?"

ಅವಳು ಪಕ್ಕದಲ್ಲಿ ಕೂತು, ಅವನು ಕಿತ್ತಿಟ್ಟಿದ್ದ ಇಟ್ಟಿಗೆಯನ್ನು ಸಂದು ಬಿಟ್ಟು ಇಟ್ಟಳು.

"ಹ್ಞೂಂ. ನಿಮ್ಮಮ್ಮನಿಗೆ ಮಾತ್ರ ನೀವೇ ಹೇಳಬೇಕು."